ಗೋಧಿ ಬಿಟ್ಟರೆ ನಿದ್ದೆ ಬರುತ್ತದೆಯೇ?

ಜೋಳದ ರೊಟ್ಟಿಯನ್ನು ತಟ್ಟುತ್ತಾರೆ, ಚಪಾತಿಯನ್ನು ಲಟ್ಟಿಸುತ್ತಾರೆ. ಕನ್ನಡದಲ್ಲಿ ಈ ಎರಡು ಕ್ರಿಯಾಪದಗಳು ಸುಮ್ಮನೆ ಬೇರೆಯಾದವಲ್ಲ. ಜೋಳದ ಹಿಟ್ಟಿಗೆ ಹಿಗ್ಗುವ ಗುಣವಿಲ್ಲ. ಬಿಸಿನೀರು ಹಾಕಿ ನಾದಿ, ಅಂಗೈಯಿಂದ ತಟ್ಟಿ ತಟ್ಟಿ ಅದನ್ನು ಅಗಲ ಮಾಡಬೇಕು. ಎಳೆಯಲು ಹೋದರೆ ಹರಿದು ಕೈಗೆ ಬರುತ್ತದೆ. ಗೋಧಿಯ ಸ್ವಭಾವ ಬೇರೆ. ಒಬ್ಬಟ್ಟಿಗೆ ಕಣಕ ಕಲಸುವವರಿಗೆ ಇದು ಚೆನ್ನಾಗಿ ಗೊತ್ತು. ಮೈದಾ ಅಥವಾ ಚಿರೋಟಿ ರವೆಯನ್ನು ಕಲಸಿ, ಎಣ್ಣೆ ಹಾಕಿ ನಾದಿ, ಒಂದೆರಡು ಗಂಟೆ ನೆನೆಯಲು ಬಿಟ್ಟರೆ ಅದು ರಬ್ಬರಿನಂತೆ ಎಳೆದಷ್ಟೂ ಬರುತ್ತದೆ. ಹೂರಣವನ್ನು ಒಡಲಲ್ಲಿಟ್ಟುಕೊಂಡು ಹರಿಯದೆ ತೆಳ್ಳಗಾಗುತ್ತದೆ. ಗೋಧಿಗೆ ಈ ಗುಣ ಕೊಡುವ ಅಂಟು ಪದಾರ್ಥದ ಹೆಸರು ಗ್ಲುಟೆನ್. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಅಂಟು ಎಂದೇ ಅರ್ಥ.

ಇಟಲಿಯ ಬೊಲೋನ್ಯಾ ನಗರದ ಯಾಕೊಪೊ ಬೆಕ್ಕಾರಿ ಎಂಬ ವಿದ್ವಾಂಸ 1728ರಲ್ಲಿ ಗೋಧಿ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆಯುತ್ತಾ ಹೋದ. ಬಿಳಿಯ ಪಿಷ್ಟವೆಲ್ಲ ನೀರಿನೊಡನೆ ಹೋಗಿ, ಕೈಯಲ್ಲಿ ಬೂದುಬಣ್ಣದ ಜಿಗುಟಾದ ಉಂಡೆಯೊಂದು ಉಳಿಯಿತು. ಅದು ಪ್ರಾಣಿಜನ್ಯ ಪದಾರ್ಥದಂತೆ ವರ್ತಿಸುತ್ತದೆ ಎಂದು ಅವನು ಬರೆದ. ಅವನ ಪ್ರಬಂಧ 1745ರಲ್ಲಿ ಅಚ್ಚಾಯಿತು. ಚೀನಾದ ಸಸ್ಯಾಹಾರಿ ಬೌದ್ಧರ ಅಡುಗೆಮನೆಗಳಲ್ಲಿ ಇದೇ ಉಂಡೆಯನ್ನು ಮಾಂಸದ ಬದಲಿಗೆ ಬೇಯಿಸಿ ತಿನ್ನುವ ರೂಢಿ ಅದಕ್ಕೂ ಹಿಂದಿನಿಂದಲೇ ಇತ್ತು.

ಇಷ್ಟು ಹಳೆಯ, ಇಷ್ಟು ಉಪಕಾರಿಯಾದ ಈ ಅಂಟಿನ ಮೇಲೆ ಈಗ ದೊಡ್ಡ ಆರೋಪವಿದೆ. ಗ್ಲುಟೆನ್ ಇಲ್ಲದ ಆಹಾರ ಹಿಡಿದರೆ ರಾತ್ರಿ ಗಾಢ ನಿದ್ದೆ ಬರುತ್ತದೆ, ಕೆಟ್ಟ ಕನಸು ದೂರವಾಗುತ್ತದೆ, ಹಗಲಿನ ಆಯಾಸ ಮಾಯವಾಗುತ್ತದೆ ಎಂದು ಹೇಳುವವರು ಬಹಳ ಮಂದಿ. ಅಂಗಡಿಗಳಲ್ಲಿ ‘ಗ್ಲುಟೆನ್ ರಹಿತ’ ಎಂದು ಮುದ್ರಿಸಿದ ಪೊಟ್ಟಣಗಳು ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಇದರಲ್ಲಿ ನಿಜವೆಷ್ಟು? ಕೆಲವರ ಮಟ್ಟಿಗೆ ಇದು ಪೂರ್ತಿ ನಿಜ. ಅವರ ಬದುಕನ್ನೇ ಬದಲಿಸುವಷ್ಟು ನಿಜ. ಬಹುಪಾಲು ಜನರ ಮಟ್ಟಿಗೆ ಅಲ್ಲ. ಈ ವ್ಯತ್ಯಾಸವನ್ನು ತಿಳಿಯಬೇಕಾದರೆ ಒಂದು ಕಾಯಿಲೆಯ ಚರಿತ್ರೆಯನ್ನು ತಿಳಿಯಬೇಕು.

ಹೊಟ್ಟೆಯೂ ಕನಸೂ

ತಿಂದದ್ದಕ್ಕೂ ನಿದ್ದೆಗೂ ನಂಟು ಕಲ್ಪಿಸಿದ್ದು ಇಂದಿನವರಲ್ಲ. ಪೈಥಾಗೊರಸ್‌ನ ಅನುಯಾಯಿಗಳು ಅವರೆಯ ಜಾತಿಯ ಕಾಳನ್ನು ತಿನ್ನುತ್ತಿರಲಿಲ್ಲ. ಅದು ಹೊಟ್ಟೆಯಲ್ಲಿ ವಾಯು ತುಂಬಿಸಿ ಮನಸ್ಸಿನ ಶಾಂತಿಯನ್ನು ಕೆಡಿಸುತ್ತದೆ, ಹಾಗಾಗಿ ನಿಜವಾದ ಕನಸು ಬೀಳುವುದಿಲ್ಲ ಎಂಬುದು ಇದಕ್ಕೆ ಕಾರಣವೆಂದು ರೋಮಿನ ಸಿಸೆರೊ ವಿವರಿಸುತ್ತಾನೆ.

ಭಾರತದಲ್ಲಿ ಚರಕಸಂಹಿತೆ ದೇಹವನ್ನು ಹೊತ್ತು ನಿಲ್ಲಿಸುವ ಮೂರು ಉಪಸ್ತಂಭಗಳನ್ನು ಹೇಳುತ್ತದೆ: ಆಹಾರ, ನಿದ್ರೆ ಮತ್ತು ಬ್ರಹ್ಮಚರ್ಯ. ಅಲ್ಲಿ ನಿದ್ರೆಗೆ ಬಳಸಿರುವ ಮಾತು ‘ಸ್ವಪ್ನ’. ಸಂಸ್ಕೃತದಲ್ಲಿ ಆ ಪದಕ್ಕೆ ನಿದ್ದೆ, ಕನಸು ಎರಡೂ ಅರ್ಥಗಳಿವೆ. ಅದೇ ಗ್ರಂಥ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು ಇವೆಲ್ಲ ಕನಸಾಗಿ ಬರುತ್ತವೆ ಎನ್ನುವುದರ ಜೊತೆಗೆ, ವಾತ ಪಿತ್ತ ಕಫಗಳು ಕೆಟ್ಟಾಗ ಹುಟ್ಟುವ ‘ದೋಷಜ’ ಕನಸನ್ನು ಬೇರೆಯಾಗಿ ಎಣಿಸುತ್ತದೆ. ಗೋಧಿಯನ್ನು ಬಲ ಕೊಡುವ, ಆದರೆ ‘ಗುರು’ ಅಂದರೆ ಜೀರ್ಣಕ್ಕೆ ಭಾರವಾದ ಧಾನ್ಯವೆಂದೂ ಹೇಳುತ್ತದೆ.

ಹೊಟ್ಟೆ ಸರಿಯಿಲ್ಲದಿದ್ದರೆ ನಿದ್ದೆ ಸರಿಯಿರುವುದಿಲ್ಲ ಎಂಬುದನ್ನು ಹೀಗೆ ಎರಡು ಸಾವಿರ ವರ್ಷಗಳ ಹಿಂದಿನವರೂ ಬಲ್ಲರು. ಅವರಿಗೆ ತಿಳಿಯದೆ ಹೋದದ್ದು ಒಂದೇ: ಎಲ್ಲರಿಗೂ ಬಲ ಕೊಡುವ ಧಾನ್ಯವೇ ಕೆಲವರ ಕರುಳನ್ನು ಒಳಗಿನಿಂದ ಸವೆಸುತ್ತದೆ ಎಂಬ ಸಂಗತಿ.

ಅನ್ನಕ್ಕೆ ನಿಷೇಧ, ಬ್ರೆಡ್ಡಿಗೆ ಅಪ್ಪಣೆ

ಏಷ್ಯಾ ಮೈನರಿನ ಕಪಡೋಸಿಯ ಪ್ರಾಂತದ ಅರಿಟಿಯಸ್ ಎಂಬ ಗ್ರೀಕ್ ವೈದ್ಯ ಕ್ರಿಸ್ತಶಕದ ಮೊದಲ ಶತಮಾನಗಳಲ್ಲೇ ಒಂದು ಕಾಯಿಲೆಯನ್ನು ವರ್ಣಿಸಿದ್ದ. ತಿಂದದ್ದು ಮೈಗೆ ಹತ್ತುವುದಿಲ್ಲ. ಮಲ ಹೇರಳವಾಗಿ ಹೋಗುತ್ತದೆ. ರೋಗಿ ಸೊರಗಿ ಶಕ್ತಿಗುಂದುತ್ತಾನೆ. ಗ್ರೀಕ್ ಭಾಷೆಯಲ್ಲಿ ‘ಕೊಯಿಲಿಯಾ’ ಎಂದರೆ ಹೊಟ್ಟೆ. ಇಂದು ಸೀಲಿಯಾಕ್ ಕಾಯಿಲೆ ಎನ್ನುವ ಹೆಸರು ಬಂದದ್ದು ಆ ಮಾತಿನಿಂದ.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1887ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಈ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಟ್ಟರು. ಮರುವರ್ಷ ಅದು ಪ್ರಕಟವಾಯಿತು. ಒಂದರಿಂದ ಐದು ವರ್ಷದೊಳಗಿನ ಮಕ್ಕಳು, ಉಬ್ಬಿದ ಹೊಟ್ಟೆ, ಕಡ್ಡಿಯಂಥ ಕೈಕಾಲು, ಆಟಕ್ಕೂ ಏಳಲಾರದ ನಿತ್ರಾಣ. ಈ ರೋಗಿಗೆ ಗುಣವಾಗುವುದೇ ಆದರೆ ಅದು ಆಹಾರದಿಂದಲೇ ಆಗಬೇಕು ಎಂಬುದು ಗೀ ಅವರ ತೀರ್ಮಾನ. ಅದು ಅಕ್ಷರಶಃ ಸರಿಯಾಗಿತ್ತು. ಆದರೆ ಯಾವ ಆಹಾರ? ಪಿಷ್ಟ ಹೆಚ್ಚಿರುವ ಅಕ್ಕಿ, ಸಾಬಕ್ಕಿ, ಮೆಕ್ಕೆಜೋಳದ ಹಿಟ್ಟು ಕೂಡದು ಎಂದರು. ಬ್ರೆಡ್ಡನ್ನು ತೆಳ್ಳಗೆ ಕತ್ತರಿಸಿ ಎರಡೂ ಬದಿ ಚೆನ್ನಾಗಿ ಸುಟ್ಟು ಕೊಡಬಹುದು ಎಂದರು. ಔಷಧವಾಗಬಹುದಾಗಿದ್ದ ಅನ್ನವನ್ನು ತಡೆದು, ವಿಷವಾಗಿದ್ದ ಗೋಧಿಯನ್ನು ತಟ್ಟೆಯಲ್ಲಿ ಉಳಿಸಿದ ಹಾಗಾಯಿತು.

ಗೀ ಅವರ ಬರಹದಲ್ಲೇ ಇನ್ನೊಂದು ಸೋಜಿಗದ ಸಂಗತಿಯಿದೆ. ಒಂದು ಮಗುವಿಗೆ ದಿನವೂ ಹಾಲೆಂಡಿನಿಂದ ಬಂದ ಚಿಪ್ಪುಮೀನು ತಿನ್ನಿಸಿದರು. ಅದು ಅದ್ಭುತವಾಗಿ ಚೇತರಿಸಿಕೊಂಡಿತು. ಚಿಪ್ಪುಮೀನಿನ ಕಾಲ ಮುಗಿದ ಮೇಲೆ ಕಾಯಿಲೆ ಮರುಕಳಿಸಿತು. ಮುಂದಿನ ವರ್ಷ ಆ ಮಗು ಚಿಪ್ಪುಮೀನನ್ನು ಬಾಯಿಗೇ ಇಡಲಿಲ್ಲ. ಗುಣ ಮಾಡಿದ್ದು ಚಿಪ್ಪುಮೀನಲ್ಲ, ಅದರಿಂದ ಹೊಟ್ಟೆ ತುಂಬಿದ್ದರಿಂದ ದೂರ ಉಳಿದ ಬ್ರೆಡ್ಡು ಎಂದು ಇಂದು ಊಹಿಸಬಹುದು. ನ್ಯೂಯಾರ್ಕಿನ ಸಿಡ್ನಿ ಹಾಸ್ 1924ರಲ್ಲಿ ಪ್ರಕಟಿಸಿದ ಬಾಳೆಹಣ್ಣಿನ ಪಥ್ಯದ ಕಥೆಯೂ ಇಂಥದ್ದೇ. ಮಕ್ಕಳಿಗೆ ಬ್ರೆಡ್ಡು ನಿಲ್ಲಿಸಿ ಬಾಳೆಹಣ್ಣು ಕೊಟ್ಟಾಗ ಮಕ್ಕಳು ಚೇತರಿಸಿಕೊಂಡರು. ಕೀರ್ತಿ ಬಾಳೆಹಣ್ಣಿಗೆ ಹೋಯಿತು. ವೈದ್ಯರು ತಟ್ಟೆಗೆ ಬಂದದ್ದನ್ನು ನೋಡುತ್ತಿದ್ದರು, ತಟ್ಟೆಯಿಂದ ಹೋದದ್ದನ್ನು ನೋಡುತ್ತಿರಲಿಲ್ಲ.

ಹಸಿವಿನ ಚಳಿಗಾಲ

ಅದನ್ನು ನೋಡಿದವರು ಹಾಲೆಂಡಿನ ವಿಲ್ಲೆಮ್ ಕಾರೆಲ್ ಡಿಕ್ಕೆ. 1905ರಲ್ಲಿ ಹುಟ್ಟಿದ ಇವರು 1936ರಲ್ಲಿ, ಮೂವತ್ತೊಂದರ ಹರೆಯದಲ್ಲೇ, ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯ ನಿರ್ದೇಶಕರಾದರು. ಕೆಲವು ಮಕ್ಕಳಿಗೆ ಬ್ರೆಡ್ಡು, ಬಿಸ್ಕತ್ತು ನಿಲ್ಲಿಸಿದಾಗ ಮೈ ತುಂಬಿಕೊಳ್ಳುವುದು, ಮತ್ತೆ ಕೊಟ್ಟಾಗ ಇಳಿಯುವುದು ಅವರ ಗಮನಕ್ಕೆ ಬಂದಿತ್ತು. ಗೋಧಿಯನ್ನು ಬಿಟ್ಟ ಪಥ್ಯದ ಬಗ್ಗೆ ಅವರು 1941ರಲ್ಲೇ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಆಮೇಲೆ ಬಂದದ್ದು ಮಹಾಯುದ್ಧದ ಕೊನೆಯ ಚಳಿಗಾಲ. 1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಪ್ರತೀಕಾರವಾಗಿ ಜರ್ಮನ್ ಸೇನೆ ಪಶ್ಚಿಮ ಹಾಲೆಂಡಿನ ನಗರಗಳಿಗೆ ಆಹಾರ ಸಾಗಿಸುವುದನ್ನು ತಡೆಯಿತು. ಜನ ಸಕ್ಕರೆಗೆಡ್ಡೆಯನ್ನೂ ಟ್ಯುಲಿಪ್ ಹೂವಿನ ಗೆಡ್ಡೆಯನ್ನೂ ಬೇಯಿಸಿ ತಿಂದರು. ಸುಮಾರು ಇಪ್ಪತ್ತು ಸಾವಿರ ಮಂದಿ ಸತ್ತರು. 1945ರ ಏಪ್ರಿಲ್ ಕೊನೆಯಲ್ಲಿ ಮಿತ್ರಪಕ್ಷಗಳ ವಿಮಾನಗಳು ಆಕಾಶದಿಂದ ಆಹಾರದ ಮೂಟೆಗಳನ್ನು ಕೆಡವುವವರೆಗೆ ಈ ಯಾತನೆ ಮುಂದುವರಿಯಿತು.

ಊರೆಲ್ಲ ಸೊರಗಿದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಸುಧಾರಿಸಿದರು, ಬ್ರೆಡ್ಡು ಮರಳಿದಾಗ ಮತ್ತೆ ಮಲಗಿದರು, ಅದನ್ನು ಕಂಡು ಡಿಕ್ಕೆಗೆ ಸತ್ಯ ಹೊಳೆಯಿತು ಎಂಬ ಕಥೆ ಪಠ್ಯಪುಸ್ತಕಗಳಲ್ಲೂ ಸೇರಿಕೊಂಡಿದೆ. ಕಥೆ ಚೆನ್ನಾಗಿದೆ, ಆದರೆ ಅನುಕ್ರಮ ಸರಿಯಿಲ್ಲ. ಡಿಕ್ಕೆಗೆ ಗೋಧಿಯ ಮೇಲಿನ ಸಂಶಯ ಯುದ್ಧಕ್ಕೆ ಮುಂಚಿನದು. ಬರಗಾಲದ ಅನುಭವ ಆ ಸಂಶಯವನ್ನು ಗಟ್ಟಿ ಮಾಡಿತು ಅಷ್ಟೆ. ಸಂಶಯವನ್ನು ಸಿದ್ಧಾಂತವಾಗಿಸಿದ್ದು ಯುದ್ಧಾನಂತರದ ತಾಳ್ಮೆಯ ಕೆಲಸ. ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ಪ್ರತಿ ಹಂತದಲ್ಲೂ ಮಕ್ಕಳ ತೂಕ ಬರೆದಿಟ್ಟರು. ಉಟ್ರೆಕ್ಟಿನ ರಸಾಯನ ವಿಜ್ಞಾನಿ ವಾನ್ ಡೆ ಕಾಮರ್ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆಯುವ ಸುಲಭ ವಿಧಾನ ಕಂಡುಹಿಡಿದಿದ್ದರು. ಅದರಿಂದ ಎಷ್ಟು ಆಹಾರ ಮೈಗೆ ಹತ್ತದೆ ಹೋಗುತ್ತಿದೆ ಎಂದು ಅಂಕಿಗಳಲ್ಲಿ ಹೇಳುವುದು ಸಾಧ್ಯವಾಯಿತು. ಡಿಕ್ಕೆಯವರ ಮಹಾಪ್ರಬಂಧ 1950ರಲ್ಲಿ ಬಂತು. ವಾನ್ ಡೆ ಕಾಮರ್ ಮತ್ತು ವೈಯರ್ಸ್ ಜೊತೆಗೂಡಿ ಬರೆದ ಲೇಖನಗಳು 1953ರಲ್ಲಿ ಪ್ರಕಟವಾದವು. ಇತ್ತ 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಷಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರು ಗೋಧಿಯ ಪಿಷ್ಟ ನಿರಪಾಯಕಾರಿ, ಕೇಡು ಇರುವುದು ಗ್ಲುಟೆನ್‌ನಲ್ಲಿ ಎಂದು ತೋರಿಸಿದರು. ಬೆಕ್ಕಾರಿ ತೊಳೆದು ಬೇರ್ಪಡಿಸಿದ್ದ ಆ ಎರಡು ಭಾಗಗಳಲ್ಲಿ ಅಪರಾಧಿ ಯಾವುದೆಂದು ತಿಳಿಯಲು ಇನ್ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಕರುಳಿನ ಒಳಗೆ

ಸಣ್ಣ ಕರುಳಿನ ಒಳಮೈ ನುಣುಪಾಗಿಲ್ಲ. ಮಖಮಲ್ಲಿನ ಬಟ್ಟೆಯಂತೆ ಅದರ ತುಂಬ ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿವೆ. ಆಹಾರದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸ. ಸೀಲಿಯಾಕ್ ಕಾಯಿಲೆಯವರು ಗೋಧಿ, ಬಾರ್ಲಿ ಅಥವಾ ರೈ ತಿಂದಾಗ, ಪೂರ್ತಿ ಜೀರ್ಣವಾಗದೆ ಉಳಿದ ಗ್ಲುಟೆನ್ ತುಣುಕುಗಳನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಿಳಿದು ಯುದ್ಧ ಹೂಡುತ್ತದೆ. ಆ ಯುದ್ಧದಲ್ಲಿ ನಾಶವಾಗುವುದು ಸ್ವಂತ ಕರುಳಿನ ಚಾಚುಗಳು. ಮಖಮಲ್ಲು ಸವೆದು ಗೋಣಿತಟ್ಟಾಗುತ್ತದೆ. ಇದು ಸಾಮಾನ್ಯ ಅಜೀರ್ಣವಲ್ಲ, ಮೈಯೇ ಮೈಯ ಮೇಲೆ ಬೀಳುವ ಕಾಯಿಲೆ.

ಇದರ ಮೊದಲ ಬಲಿ ಹಲವರಲ್ಲಿ ಕಬ್ಬಿಣದ ಅಂಶ. ಕಬ್ಬಿಣವನ್ನು ಮೈ ಹೀರಿಕೊಳ್ಳುವುದು ಸಣ್ಣ ಕರುಳಿನ ಆರಂಭದ ಭಾಗದಲ್ಲಿ. ಹಾನಿ ಹೆಚ್ಚಾಗುವುದೂ ಅಲ್ಲೇ. ರಕ್ತಹೀನತೆ ಬರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಿಗ್ಗೆ ಎದ್ದಾಗಲೇ ಸುಸ್ತು, ಓದಲು ಕೂತರೆ ಮಂಕು. ಫೋಲಿಕ್ ಆಮ್ಲ, ಡಿ ಜೀವಸತ್ವ, ಸುಣ್ಣದ ಅಂಶಗಳೂ ಕೊರತೆಯಾಗುತ್ತವೆ. ವಿಚಿತ್ರವೆಂದರೆ ಅನೇಕ ವಯಸ್ಕರಲ್ಲಿ ಭೇದಿಯಾಗಲೀ ಹೊಟ್ಟೆನೋವಾಗಲೀ ಇರುವುದೇ ಇಲ್ಲ. ಇರುವುದು ಆಯಾಸ ಮಾತ್ರ. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುವುದಿಲ್ಲ, ಏಕೆಂದರೆ ಮಾತ್ರೆಯನ್ನು ಹೀರಬೇಕಾದ ಜಾಗವೇ ಸವೆದಿದೆ. ಇಂಥ ಹುಡುಗಿಯನ್ನು ಮನೆಯಲ್ಲಿ ಸೋಮಾರಿ ಎನ್ನುತ್ತಾರೆ, ಶಾಲೆಯಲ್ಲಿ ಮಂದಮತಿ ಎನ್ನುತ್ತಾರೆ. ಗಂಡಸಾದರೆ ಕೆಲಸಗಳ್ಳ ಎನಿಸಿಕೊಳ್ಳುತ್ತಾನೆ. ಕರುಳಿನ ಕಾಯಿಲೆ ಹೀಗೆ ಸ್ವಭಾವದ ದೋಷವಾಗಿ ಹೆಸರು ಪಡೆದು ವರ್ಷಗಟ್ಟಲೆ ಉಳಿಯುತ್ತದೆ.

ನಿದ್ದೆ ಕೆಡುವ ಬಗೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯಿದೆ. ಆದರೆ ಚಿಂತೆಯಿಲ್ಲದಿದ್ದರೂ ಕಾಲುಗಳು ನಿದ್ದೆಗೆ ಬಿಡದ ಒಂದು ತೊಂದರೆ ಇದೆ. ಹಾಸಿಗೆಗೆ ಬೆನ್ನು ತಾಗಿಸಿದೊಡನೆ ಕಾಲಿನೊಳಗೆ ಇರುವೆ ಹರಿದಂತೆ, ಎಳೆದಂತೆ ಆಗುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಸಮಾಧಾನ. ಮಲಗಿದರೆ ಮತ್ತೆ ಅದೇ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಹದಿನೇಳನೆಯ ಶತಮಾನದಲ್ಲಿ ಇದನ್ನು ವರ್ಣಿಸಿದ್ದರು. ಸ್ವೀಡನ್ನಿನ ಎಕ್‌ಬೊಮ್ 1945ರಲ್ಲಿ ವಿವರವಾಗಿ ಬರೆದರು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಾಗಲು ಕಬ್ಬಿಣ ಬೇಕು. ಕಬ್ಬಿಣದ ಕೊರತೆಯಿರುವವರಲ್ಲಿ ಈ ಕಾಲಿನ ಚಡಪಡಿಕೆ ಹೆಚ್ಚು. ಸೀಲಿಯಾಕ್ ರೋಗಿಗಳಲ್ಲೂ ಇದು ಹೆಚ್ಚಾಗಿ ಕಂಡುಬಂದಿದೆ.

ಬೇರೆ ದಾರಿಗಳೂ ಇವೆ. ರಾತ್ರಿಯ ಹೊಟ್ಟೆಯುಬ್ಬರ ಒಂದು. ಮೊಣಕೈ, ಮೊಣಕಾಲು, ಪೃಷ್ಠಗಳಲ್ಲಿ ಗುಳ್ಳೆಯೆದ್ದು ವಿಪರೀತ ತುರಿಸುವ, ಇದೇ ಕಾಯಿಲೆಯ ಚರ್ಮದ ರೂಪ ಇನ್ನೊಂದು. ದೀರ್ಘ ಕಾಯಿಲೆಯ ಜೊತೆಗೆ ಬರುವ ಖಿನ್ನತೆ, ಆತಂಕ ಮತ್ತೊಂದು. ಇಟಲಿಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೀಲಿಯಾಕ್ ರೋಗಿಗಳ ನಿದ್ದೆಯ ಗುಣಮಟ್ಟ ಆರೋಗ್ಯವಂತರಿಗಿಂತ ಕೆಳಗಿತ್ತು. ನಿದ್ದೆಯ ತೊಂದರೆಗೂ ಖಿನ್ನತೆ, ಆತಂಕ, ಆಯಾಸಗಳಿಗೂ ನೇರ ನಂಟಿತ್ತು. ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ 2015ರ ಅಧ್ಯಯನ, ಈ ರೋಗಿಗಳು ನಿದ್ದೆ ಮಾತ್ರೆ ಬಳಸುವುದು ಇತರರಿಗಿಂತ ಹೆಚ್ಚು ಎಂದು ಕಂಡಿತು.

ಪಥ್ಯ ಹಿಡಿದ ಮೇಲೆ ಏನಾಗುತ್ತದೆ? ಗ್ಲುಟೆನ್ ಪೂರ್ತಿ ನಿಂತರೆ ಕರುಳಿನ ಚಾಚುಗಳು ಮತ್ತೆ ಬೆಳೆಯುತ್ತವೆ. ಮಕ್ಕಳಲ್ಲಿ ಇದು ಬೇಗ. ದೊಡ್ಡವರಲ್ಲಿ ಒಂದೆರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಕಬ್ಬಿಣ ಮೈಗೆ ಹತ್ತತೊಡಗುತ್ತದೆ, ರಕ್ತ ಏರುತ್ತದೆ, ಆಯಾಸ ಇಳಿಯುತ್ತದೆ, ನಿದ್ದೆ ದಾರಿಗೆ ಬರುತ್ತದೆ. ಅಂದರೆ ಈ ಪಥ್ಯ ನಿದ್ದೆಯ ಔಷಧವಲ್ಲ. ಅದು ಕರುಳಿನ ಔಷಧ. ನಿದ್ದೆ ಅದರ ಫಲ. ಹಾಗಾಗಿಯೇ ಅದು ಒಂದೇ ರಾತ್ರಿಯಲ್ಲಿ ಪರಿಣಾಮ ತೋರಿಸುವುದಿಲ್ಲ. ಇಟಲಿಯ ಅಧ್ಯಯನದಲ್ಲಿ ಪಥ್ಯದಲ್ಲಿದ್ದವರ ನಿದ್ದೆಯೂ ಆರೋಗ್ಯವಂತರ ಮಟ್ಟಕ್ಕೆ ಬಂದಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಮದುವೆಯ ಊಟಕ್ಕೂ ಪ್ರಯಾಣಕ್ಕೂ ಹೆದರುತ್ತಾ ಬದುಕುವುದರ ಒತ್ತಡವೂ ಸಣ್ಣದಲ್ಲ.

ಕನಸಿನ ಮಾತು

ಡಿಕ್ಕೆ ಮತ್ತು ಸಂಗಡಿಗರ ಲೇಖನಗಳು ಬಂದ 1953ರಲ್ಲೇ ಶಿಕಾಗೊದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬಿಬ್ಬರು ಇನ್ನೊಂದು ಶೋಧ ಪ್ರಕಟಿಸಿದರು. ನಿದ್ದೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುತ್ತವೆ. ಆಗ ಎಬ್ಬಿಸಿದವರು ಹೆಚ್ಚಾಗಿ ಕನಸು ಕಾಣುತ್ತಿದ್ದೆವು ಎನ್ನುತ್ತಾರೆ. ಇಂಥ ನಿದ್ದೆ ರಾತ್ರಿಯ ಕೊನೆಯ ಜಾವದಲ್ಲಿ ಹೆಚ್ಚು. ಕನಸು ಎಲ್ಲರಿಗೂ ಬೀಳುತ್ತದೆ. ನೆನಪಿನಲ್ಲಿ ಉಳಿಯುವುದು ಮುಖ್ಯವಾಗಿ ನಡುವೆ ಎಚ್ಚರವಾದವರಿಗೆ.

ಹೊಟ್ಟೆ ಹಿಂಡಿ, ಕಾಲು ಸೆಳೆದು, ಮೈ ತುರಿಸಿ ರಾತ್ರಿ ಹತ್ತು ಸಲ ಏಳುವವರಿಗೆ ಕನಸುಗಳು, ಅದರಲ್ಲೂ ಕೆಟ್ಟ ಕನಸುಗಳು, ಹೆಚ್ಚು ನೆನಪಿರುವುದು ಸಹಜ. ಹೊಟ್ಟೆ ಸರಿಹೋಗಿ ನಿದ್ದೆ ಗಟ್ಟಿಯಾದಾಗ ಅವು ಕಡಿಮೆಯಾದಂತೆ ಅನಿಸುವುದೂ ಅಷ್ಟೇ ಸಹಜ. ಗ್ಲುಟೆನ್ ನೇರವಾಗಿ ಕನಸಿನ ಬಣ್ಣ ಬದಲಿಸುತ್ತದೆ ಎನ್ನಲು ಆಧಾರ ಸಾಲದು.

ಕೆನಡಾದ ನೀಲ್ಸನ್ ಮತ್ತು ಪೊವೆಲ್ 2015ರಲ್ಲಿ 396 ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಶೇಕಡ 18ರಷ್ಟು ಮಂದಿ ತಿಂದದ್ದು ಕನಸಿನ ಮೇಲೆ ಪರಿಣಾಮ ಬೀರುತ್ತದೆ ಎಂದರು. ಅವರು ಹೆಚ್ಚಾಗಿ ದೂರಿದ್ದು ಗೋಧಿಯನ್ನಲ್ಲ, ಹಾಲಿನ ಪದಾರ್ಥಗಳನ್ನು. ನೀಲ್ಸನ್ ಅವರ ತಂಡ 2025ರಲ್ಲಿ ಪ್ರಕಟಿಸಿದ ಇನ್ನೊಂದು ಸಮೀಕ್ಷೆ, ಹಾಲಿನ ಸಕ್ಕರೆ ಜೀರ್ಣವಾಗದವರಲ್ಲಿ ದುಃಸ್ವಪ್ನ ಹೆಚ್ಚೆಂದೂ ಹೊಟ್ಟೆಯ ಬಾಧೆ ಇದಕ್ಕೆ ಕೊಂಡಿಯೆಂದೂ ಸೂಚಿಸಿತು. ಚರಕನ ‘ದೋಷಜ’ ಕನಸಿಗೂ ಪೈಥಾಗೊರಸ್ ಪಂಥದ ಕಾಳಿಗೂ ಇದು ದೂರದ ಮಾತಲ್ಲ.

ಕಾಯಿಲೆಯಿಲ್ಲದವರ ಅನುಭವ

ಸೀಲಿಯಾಕ್ ಇಲ್ಲದೆಯೂ ಗೋಧಿ ಬಿಟ್ಟು ಹಗುರಾದೆವು ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಾರಣ ಮಾತ್ರ ಬೇರೆಯಿರಬಹುದು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇಂಥ 34 ಮಂದಿಯ ಮೇಲೆ ಪ್ರಯೋಗ ನಡೆಸಿದರು. ಯಾರ ಬ್ರೆಡ್ಡಿನಲ್ಲಿ ಗ್ಲುಟೆನ್ ಇದೆ, ಯಾರದರಲ್ಲಿ ಇಲ್ಲ ಎಂದು ತಿನ್ನುವವರಿಗೂ ತಿಳಿಯದು, ಕೊಡುವವರಿಗೂ ತಿಳಿಯದು. ಗ್ಲುಟೆನ್ ತಿಂದವರಲ್ಲಿ ಹೊಟ್ಟೆಯ ಬಾಧೆ ಮಾತ್ರವಲ್ಲ, ಆಯಾಸವೂ ಹೆಚ್ಚಾಯಿತು. ಆರೋಪ ರುಜುವಾತಾಯಿತು ಎಂದೇ ಅನೇಕರು ತಿಳಿದರು. ಆದರೆ ಅದೇ ತಂಡ 2013ರಲ್ಲಿ ಇನ್ನಷ್ಟು ಬಿಗಿಯಾದ ಪ್ರಯೋಗ ಮಾಡಿತು. ಮೊದಲು ಕರುಳಿನಲ್ಲಿ ಹುದುಗೆದ್ದು ವಾಯುವಾಗುವ ಸಕ್ಕರೆ ಜಾತಿಯ ಪದಾರ್ಥಗಳನ್ನೆಲ್ಲ ಊಟದಿಂದ ತೆಗೆದು, ಆಮೇಲೆ ಗ್ಲುಟೆನ್ ಕೊಟ್ಟರು. ಈ ಸಲ ಗ್ಲುಟೆನ್‌ನಿಂದ ಪ್ರತ್ಯೇಕ ಪರಿಣಾಮವೇನೂ ಕಾಣಲಿಲ್ಲ. ತನ್ನದೇ ಫಲಿತಾಂಶವನ್ನು ತಿದ್ದಿಕೊಂಡ ಆ ತಂಡದ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ನಾರ್ವೆಯಲ್ಲಿ 59 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ, ತೊಂದರೆ ಕೊಡುವುದು ಗ್ಲುಟೆನ್ ಅಲ್ಲ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆ ಜಾತಿಯ ಪದಾರ್ಥ ಎಂದು ಬೊಟ್ಟು ಮಾಡಿತು. ಅದು ಈರುಳ್ಳಿ ಬೆಳ್ಳುಳ್ಳಿಗಳಲ್ಲೂ ಉಂಟು.

ಇನ್ನೂ ಸರಳವಾದ ಕಾರಣಗಳಿವೆ. ಗೋಧಿ ಬಿಡುವವರು ಅದರ ಜೊತೆಗೆ ಬೇಕರಿಯ ತಿಂಡಿ, ಬಿಸ್ಕತ್ತು, ಪರೋಟ, ತಡರಾತ್ರಿಯ ನೂಡಲ್ಸ್ ಎಲ್ಲವನ್ನೂ ಬಿಡುತ್ತಾರೆ. ರಾತ್ರಿಯ ಊಟ ಹಗುರವಾದರೆ ನಿದ್ದೆ ಸುಧಾರಿಸುವುದಕ್ಕೆ ಗ್ಲುಟೆನ್‌ನ ಹಂಗೇನೂ ಬೇಕಿಲ್ಲ. ಮಧ್ಯಾಹ್ನದ ತೂಕಡಿಕೆಯಂತೂ ದೇಹದ ದಿನಚರಿಯಲ್ಲೇ ಇರುವ ಇಳಿತ; ಗೋಧಿಯನ್ನೇ ಕಾಣದೆ ಅನ್ನ ಸಾರು ಉಂಡವರೂ ತೂಕಡಿಸುತ್ತಾರೆ.

ಅನ್ನದ ನಾಡಿಗೆ ಗೋಧಿ

ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಕಾಯಿಲೆ ಇದೆಯೆಂದು 1966ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿಯಾಗಿತ್ತು. ದಕ್ಷಿಣದಲ್ಲಿ ಅದು ಅಪರೂಪ. ಏಕೆ? ದೇಶದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಉತ್ತರದಲ್ಲಿ ಸಾವಿರಕ್ಕೆ ಎಂಟೂವರೆ ಮಂದಿಗೆ ಕಾಯಿಲೆಯಿದ್ದರೆ ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರ ಲೆಕ್ಕ. ಈ ಕಾಯಿಲೆ ಬರಲು ಬೇಕಾದ ವಂಶವಾಹಿಗಳು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮ: ಉತ್ತರದಲ್ಲಿ ಶೇಕಡ 38, ದಕ್ಷಿಣದಲ್ಲಿ ಶೇಕಡ 36. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಈ ವಂಶವಾಹಿ ಇದ್ದವರಲ್ಲಿ ಬಹುಪಾಲು ಮಂದಿಗೆ ಎಂದೂ ಕಾಯಿಲೆ ಬರುವುದಿಲ್ಲ ನಿಜ. ಆದರೂ ದಕ್ಷಿಣದವರನ್ನು ಕಾಪಾಡಿರುವುದು ರಕ್ತವಲ್ಲ, ಅನ್ನ ಎಂಬುದು ಈ ಅಂಕಿಗಳ ಇಂಗಿತ.

ಆ ತಟ್ಟೆ ಬದಲಾಗುತ್ತಾ ಬಂದಿದೆ. ಉತ್ತರ ಕರ್ನಾಟಕದಲ್ಲಿ ಗೋಧಿಯೂ ಸದಕವೂ ಹಳೆಯ ಬೆಳೆಗಳು. ಹಳೆಯ ಮೈಸೂರಿನಲ್ಲಿ ಮಾತ್ರ ಗೋಧಿ ಹಬ್ಬದ ದಿನದ ಧಾನ್ಯ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆ ಯುದ್ಧಕಾಲದ ಅಕ್ಕಿಯ ಅಭಾವದಲ್ಲೇ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ಒಂದೇ ಮಹಾಯುದ್ಧ ಹಾಲೆಂಡಿನ ಮಕ್ಕಳ ಬಾಯಿಂದ ಗೋಧಿಯನ್ನು ಕಿತ್ತುಕೊಂಡಿತು, ಬೆಂಗಳೂರಿನ ಇಡ್ಲಿ ತಟ್ಟೆಗೆ ಗೋಧಿಯನ್ನು ತಂದಿಟ್ಟಿತು. ಮುಂದೆ ಅಮೆರಿಕದ ಪಿ.ಎಲ್. 480 ಗೋಧಿ ಬಂತು; ಹಸಿರು ಕ್ರಾಂತಿಯ ಗೋಧಿ ಬಂತು. ರಾತ್ರಿಗೆ ಚಪಾತಿ ಎಂಬುದು ಪಟ್ಟಣಗಳಲ್ಲಿ ಆರೋಗ್ಯದ ಗುರುತಾಯಿತು. ದೆಹಲಿ, ಚಂಡೀಗಢಗಳಿಗೆ ಕೆಲಸಕ್ಕೆ ಹೋದ ಕನ್ನಡಿಗರ ಮಕ್ಕಳು ಗೋಧಿಯಲ್ಲೇ ಬೆಳೆಯುತ್ತಾರೆ. ಆದ್ದರಿಂದ ಇದು ಉತ್ತರದವರ ಕಾಯಿಲೆ ಎಂದು ಇಲ್ಲಿನವರು ಕೈತೊಳೆದುಕೊಳ್ಳುವಂತಿಲ್ಲ.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಕಾಯಿಲೆಯ ಗುರುತು ಹಿಡಿಯುವ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ ವಿರುದ್ಧದ ಯುದ್ಧದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು. ಅಗತ್ಯ ಬಿದ್ದರೆ ಕರುಳಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪರೀಕ್ಷೆಗೆ ಮುಂಚೆಯೇ ಗೋಧಿ ಬಿಟ್ಟರೆ ಪ್ರತಿಕಾಯ ಇಳಿಯುತ್ತದೆ, ಕರುಳು ಮಾಯುತ್ತದೆ, ಕಾಯಿಲೆ ಇದ್ದರೂ ಇಲ್ಲವೆಂದು ಫಲಿತಾಂಶ ಬರುತ್ತದೆ. ಆಮೇಲೆ ಖಚಿತಪಡಿಸಿಕೊಳ್ಳಬೇಕೆಂದರೆ ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕು. ತಾನಾಗಿ ಪಥ್ಯ ಹಿಡಿಯುವವರು ತಿಳಿಯದೆಯೇ ಸಾಕ್ಷಿಯನ್ನು ಅಳಿಸುತ್ತಾರೆ. ಮಾತ್ರೆ ನುಂಗಿದರೂ ಹೋಗದ ರಕ್ತಹೀನತೆ, ಕಾರಣ ತಿಳಿಯದ ದೀರ್ಘ ಆಯಾಸ, ಬೆಳೆಯದ ಮಗು, ಮನೆಯಲ್ಲಿ ಈಗಾಗಲೇ ಒಬ್ಬರಿಗೆ ಈ ಕಾಯಿಲೆ: ಇವು ವೈದ್ಯರ ಬಳಿ ಹೋಗಿ ಪರೀಕ್ಷೆ ಕೇಳಬೇಕಾದ ಸಂದರ್ಭಗಳು.

ಕಾಯಿಲೆ ಖಚಿತವಾದವರಿಗೆ ಪಥ್ಯ ಜೀವಮಾನದ್ದು. ಹಬ್ಬಕ್ಕೆ ವಿನಾಯಿತಿ ಇಲ್ಲ. ಚಪಾತಿ, ಪೂರಿ, ಬ್ರೆಡ್ಡು ಕಣ್ಣಿಗೆ ಕಾಣುತ್ತವೆ. ಉಪ್ಪಿಟ್ಟು, ಕೇಸರಿಬಾತು, ಗೋಧಿ ಶಾವಿಗೆ, ಪೇಣಿ, ಒಬ್ಬಟ್ಟುಗಳನ್ನೂ ನೆನಪಿಟ್ಟುಕೊಳ್ಳಬಹುದು. ಮೋಸ ಮಾಡುವುದು ಕಾಣದ ಗೋಧಿ. ಒಗ್ಗರಣೆಗೆ ಹಾಕುವ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಸೋಯಾ ಸಾಸಿನಲ್ಲಿ ಗೋಧಿ, ಹಲವು ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ. ಹಿಟ್ಟಿನ ಗಿರಣಿಯಲ್ಲಿ ಹಿಂದಿನವರು ಗೋಧಿ ಬೀಸಿಸಿದ್ದರೆ ಮುಂದಿನವರ ರಾಗಿ ಹಿಟ್ಟಿನಲ್ಲೂ ಅದು ಸೇರುತ್ತದೆ. ಗ್ಲುಟೆನ್ ರಹಿತ ಎಂದು ಮುದ್ರಿಸಿದ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮ ಭಾರತದಲ್ಲೂ ಇದೆ. ಎಷ್ಟು ಸಣ್ಣ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಆ ಅಂಕಿಯೇ ಸಾಕ್ಷಿ.

ಡಬ್ಬಿಯ ದುಬಾರಿ ಬಿಸ್ಕತ್ತಿನ ಹಿಂದೆ ಹೋಗಬೇಕಾದ ಅಗತ್ಯ ಮಾತ್ರ ಕನ್ನಡ ನಾಡಿನ ರೋಗಿಗಿಲ್ಲ. ಅಂಥ ಹಲವು ತಿನಿಸುಗಳಲ್ಲಿ ನಾರಿನಂಶ ಕಡಿಮೆ, ಸಕ್ಕರೆ ಹೆಚ್ಚು. ರಾಗಿ, ಜೋಳ, ಸಜ್ಜೆ, ನವಣೆ, ಅಕ್ಕಿ, ಬೇಳೆಕಾಳು ಇವಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ಇಡ್ಲಿ, ದೋಸೆ, ಅವಲಕ್ಕಿ, ಕಡುಬು ಯಾವ ವೈದ್ಯರೂ ಬರೆದುಕೊಡದೆ ಮೊದಲಿನಿಂದಲೂ ಈ ಪಥ್ಯಕ್ಕೆ ಸೇರಿದವು. ಹಿಟ್ಟು ತಿಂದವನು ಬೆಟ್ಟ ಕಿತ್ತಿಡುತ್ತಾನೆ ಎಂಬ ಮಾತು ಮುದ್ದೆಯ ಬಗ್ಗೆ ಹುಟ್ಟಿದ್ದು. ಕಾಯಿಲೆಯಿಲ್ಲದವರು ಚಪಾತಿಯನ್ನು ಅಂಜದೆ ತಿನ್ನಬಹುದು. ನಿದ್ದೆ ಬಾರದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಕಾಯಿಲೆಯಿದ್ದವರು ಅದನ್ನು ಬಿಟ್ಟು, ಕೆಲವು ತಿಂಗಳು ತಾಳ್ಮೆಯಿಂದ ಕಾಯಬೇಕು. ಸೋಮಾರಿ ಎನಿಸಿಕೊಂಡಿದ್ದ ಹುಡುಗಿ ಒಂದು ಬೆಳಿಗ್ಗೆ ಯಾರೂ ಎಬ್ಬಿಸದೆ ತಾನೇ ಎದ್ದರೆ, ಅದು ಅವಳ ಸ್ವಭಾವ ಬದಲಾದದ್ದರಿಂದ ಅಲ್ಲ, ಕರುಳು ಮಾಯ್ದದ್ದರಿಂದ.